ಗುಡುಗಪ್ಪನ ಹೆಸರಲ್ಲಿ ಬಂದ ಮೇಲ್

“ಹೆಸರು ಕಣ್ಣಾರೆ ಓದಿದ್ದೀನಿ ಮೇಡಂ. ಓದಿದ ಮೇಲೇ ಗುಂಡಿ ಒತ್ತಿದ್ದು. ಬೇಕಾದ್ರೆ ಈ ಬೆರಳು ಕತ್ತರಿಸಿ ಹಾಕಿ, ಕಣ್ಣು ಮಾತ್ರ ಸುಳ್ಳು ಹೇಳಲ್ಲ.”

ಆಪರೇಟರ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳದೇ ಕುರ್ಚಿ, ಅವಳದೇ ಮೇಜು; ಆದರೂ ಸಾಲ ಕೇಳಲು ಪರರ ಮನೆಗೆ ಬಂದವಳ ಹಾಗೆ ಕೂತಿದ್ದಳು. ಬಲಗೈಯ ತೋರುಬೆರಳನ್ನು ಎಡಗೈ ಮುಷ್ಟಿಯಲ್ಲಿ ಅಡಗಿಸಿಟ್ಟುಕೊಂಡಿದ್ದಳು.

ಇನ್ಸ್‌ಪೆಕ್ಟರಮ್ಮ ಕಿಟಕಿಯ ಬಳಿ ಹೋದಳು. ಕಂಟ್ರೋಲ್ ರೂಮಿನ ಗಾಜಿನಾಚೆ, ಕೆಳಗೆ, ಕಾಗದದ ಕಾರ್ಖಾನೆಯ ದೊಡ್ಡ ತೊಟ್ಟಿ ನಿಂತಿತ್ತು. ರದ್ದಿಯನ್ನು ನೀರಲ್ಲಿ ಅರೆದು ತಿರುಳು ಮಾಡುವ ತೊಟ್ಟಿ. ಇಲ್ಲಿಂದ ಅದರ ಬೆನ್ನು ಮಾತ್ರ ಕಾಣುತ್ತಿತ್ತು, ಬಾಯಿ ಆಚೆ ಬದಿಗೆ. ತಳದ ಅಲಗು ಬಿಗಿಯಲು ಆ ಬಾಯಲ್ಲಿ ಇಳಿದ ಫಿಟ್ಟರ್ ಮತ್ತೆ ಮೇಲೆ ಬರಲಿಲ್ಲ. ಅವನಿನ್ನೂ ಒಳಗಿದ್ದಾಗಲೇ ಈ ಮೇಜಿಗೆ ಮೇಸ್ತ್ರಿಯ ಮೇಲ್ ಬಂದಿತ್ತು: ‘ತೊಟ್ಟಿ ಖಾಲಿ. ಚಾಲೂ ಮಾಡಿ.’

ಕಳಿಸಿಯೇ ಇಲ್ಲ ಎನ್ನುತ್ತಿದ್ದ ಮೇಸ್ತ್ರಿ. ಬಂದದ್ದು ನಿಜ ಎನ್ನುತ್ತಿದ್ದಳು ಇವಳು. ಸಂಜೆಯೊಳಗೆ ಮೇಸ್ತ್ರಿಯನ್ನು ಜೈಲಿಗೆ ಹಾಕಿ ಕೇಸು ಮುಗಿಸಿ ಎಂದು ಮೇಲಧಿಕಾರಿ ಫೋನಿನಲ್ಲಿ ಅಪ್ಪಣೆ ಕೊಟ್ಟಾಗಿತ್ತು; ಆ ಸುದ್ದಿ ಕೆಳಗಿನ ಆಫೀಸಿಗೂ ತಲುಪಿತ್ತು.

“ಮೊದಲು ಇಲ್ಲಿ ಬೀಗ ಇತ್ತಂತಲ್ಲ?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ಇತ್ತು ಮೇಡಂ. ಒಳಗೆ ಇಳಿಯೋನು ಸ್ವಿಚ್ ಪೆಟ್ಟಿಗೆಗೆ ತನ್ನದೇ ಬೀಗ ಜಡಿದು, ಕೀಲಿ ಸೊಂಟಕ್ಕೆ ಕಟ್ಟಿಕೊಂಡು ಇಳೀತಿದ್ದ. ಅವನು ಮೇಲೆ ಬಂದು ತೆಗೆಯೋ ತನಕ ಬ್ರಹ್ಮ ಬಂದ್ರೂ ಮಷೀನು ತಿರುಗ್ತಿರಲಿಲ್ಲ.”

“ಮತ್ತೆ?”

“ಬೀಗ ಹಾಕೋಕೆ ಒಂದು ಸಲ, ತೆಗೆಯೋಕೆ ಒಂದು ಸಲ, ಮೇಲೆ ಕೆಳಗೆ ಓಡಾಡಿ ಹೊತ್ತು ಹಾಳಾಗತ್ತೆ ಅಂತ ಮ್ಯಾನೇಜರ್ ಬೀಗ ಬಿಡಿಸಿದ್ರು. ಮೇಸ್ತ್ರಿ ನಿಂತಲ್ಲಿಂದ ಫೋನಲ್ಲಿ ಒಂದು ಮೇಲ್ ಹಾಕಿದ್ರೆ ಸಾಕು ಅಂದ್ರು. ಹೊಸ ಪ್ರೋಗ್ರಾಮ್ ಬರೆಸಿದ್ರು.” ಬಾಗಿಲ ಬಳಿ ನಿಂತವನ ಕಡೆ ಅವಳು ಗಲ್ಲ ಎತ್ತಿ ತೋರಿಸಿದಳು. “ಈ ಪುಣ್ಯಾತ್ಮರ ಕೈಲಿ.”

ಪ್ರೋಗ್ರಾಮರ್ ಕೈಯಲ್ಲಿ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತಿದ್ದ. ಕರೆಸುವ ಮೊದಲೇ ಬಂದಿದ್ದ. ಕೇಳುವ ಮೊದಲೇ ಹೇಳಿದ.

“ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಮೇಡಂ.”

“ಇದೆ ಅಂತ ನಾನು ಹೇಳಿದ್ನಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ನೌಕರಿಯುದ್ದಕ್ಕೂ ನೋಡಿದ್ದಳು. ಆದರೆ ಅವರಲ್ಲಿ ಅರ್ಧ ಜನ ಕಳ್ಳರಲ್ಲ, ಬರೀ ಹೇಡಿಗಳು ಎಂಬುದನ್ನೂ ಕಂಡಿದ್ದಳು.

“ಆ ಮೇಲ್ ತೆಗೀರಿ.”

ತೆರೆಯ ಮೇಲೆ ಸಾಲು ಮೂಡಿತು. ಇನ್ಸ್‌ಪೆಕ್ಟರಮ್ಮ ಬಗ್ಗಿ ಓದಿದಳು. ಹುಬ್ಬು ಮೇಲೇರಿತು.

“ಗುಡುಗಪ್ಪ? ಇದ್ಯಾರು ಗುಡುಗಪ್ಪ?”

ಅಷ್ಟು ಹೊತ್ತು ಅತ್ತ ಮುಖದಲ್ಲೂ ಆಪರೇಟರಿಗೆ ನಾಚಿಕೆ ಬಂತು. “ಮೇಸ್ತ್ರಿ ಮೇಡಂ. ನನಗೆ ಭಾವ ಆಗಬೇಕು, ನಮ್ಮ ಮನೆಯವರ ಅಣ್ಣ. ಅವರು ಬಾಯಿ ಬಿಟ್ರೆ ಅಡುಗೆಮನೇಲಿ ತಟ್ಟೆ ಅದುರತ್ತೆ. ಅದಕ್ಕೆ ನನ್ನ ವಿಳಾಸಪಟ್ಟಿಯಲ್ಲಿ ಅವರ ಹೆಸರು ಹಾಗೆ ಹಾಕ್ಕೊಂಡಿದ್ದೆ. ಅವರ ಮೇಲ್ ಬಂದಾಗಲೆಲ್ಲ ಇಲ್ಲಿ ಗುಡುಗಪ್ಪ ಅಂತಾನೇ ಕಾಣೋದು. ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಮನೆಯಿಂದ ಆಚೆ ಹಾಕ್ತಾರೆ.”

“ನೆನ್ನೆ ಹೇಳಿಕೆಯಲ್ಲಿ ಇದನ್ನ ಹೇಳಲಿಲ್ಲ?”

“ಸಾವಿನ ಮನೇಲಿ ಅಡ್ಡಹೆಸರು ಹೇಳೋಕೆ ಬಾಯಿ ಬರಲಿಲ್ಲ.” ಅವಳು ಮೂಗು ಒರೆಸಿಕೊಂಡಳು. “ಈ ಹೆಸರು ನನ್ನ ಪಟ್ಟಿಯಲ್ಲಿ ಬಿಟ್ರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಈ ಹೆಸರಲ್ಲಿ ಬಂತು ಅಂದ್ರೆ ಭಾವನದೇ. ಹಾಗಂತ ಭಾವ ಅಂಥೋರಲ್ಲ. ನಾನು ಹೌದು ಅಂದ್ರೆ ಅವರು ಜೈಲಿಗೆ, ಅಲ್ಲ ಅಂದ್ರೆ ನಾನು ಜೈಲಿಗೆ. ಅತ್ತ ದರಿ ಇತ್ತ ಪುಲಿ ಮೇಡಂ.”

ಇನ್ಸ್‌ಪೆಕ್ಟರಮ್ಮ ಪ್ರೋಗ್ರಾಮರ್ ಕಡೆ ತಿರುಗಿದಳು.

“ನನಗೆ ಬುದ್ಧಿ ಕಡಿಮೆ. ಮಗುವಿಗೆ ಹೇಳೋ ಹಾಗೆ ಹೇಳಿ. ಈ ಹೆಸರು ಇಲ್ಲಿಗೆ ಹೇಗೆ ಬರತ್ತೆ?”

ಅವನಿಗೆ ಕೊಂಚ ಧೈರ್ಯ ಬಂತು. ಪಾಠ ಹೇಳುವುದು ಅವನಿಗೆ ಇಷ್ಟ. “ಪ್ರತಿ ಮೇಲ್‌ಗೂ ಒಂದು ವಿಳಾಸ ಇರತ್ತೆ, ಪಕ್ಕದಲ್ಲಿ ಒಂದು ಹೆಸರು ಇರತ್ತೆ. ಲಕೋಟೆ ಹಿಂದೆ ‘ಇಂದ’ ಅಂತ ಬರೀತೀವಲ್ಲ, ಹಾಗೆ.”

“ಹೆಸರು ಬರೆಯೋರು ಯಾರು?”

“ಕಳಿಸೋನೇ.”

“ಏನು ಬೇಕಾದ್ರೂ ಬರೀಬಹುದಾ? ನಾನು ಮಹಾರಾಣಿ ಅಂತ ಬರೆದ್ರೆ?”

“ಮಹಾರಾಣಿ ಅಂತಾನೇ ಹೋಗತ್ತೆ. ಅದನ್ನ ಯಾರೂ ತಪಾಸಣೆ ಮಾಡಲ್ಲ. ಅದೊಂದು ಅಲಂಕಾರ ಅಷ್ಟೆ. ನಿಜವಾದದ್ದು ವಿಳಾಸ.”

“ನಿಮ್ಮ ಪ್ರೋಗ್ರಾಮ್ ತೋರಿಸೋದು ಯಾವುದನ್ನ?”

“ಹೆಸರನ್ನ.”

“ವಿಳಾಸ?”

“ಒಳಗಿರತ್ತೆ. ತೋರಿಸೋದಿಲ್ಲ. ಉದ್ದುದ್ದ ಇದ್ದು ತೆರೆ ಗಲೀಜಾಗತ್ತೆ ಅಂತ ಮ್ಯಾನೇಜರ್...”

“ಅಂದ್ರೆ ಅಲಂಕಾರ ತೋರಿಸಿದ್ರಿ, ನಿಜ ಮುಚ್ಚಿಟ್ರಿ.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದ. “ಹಾಗಲ್ಲ ಮೇಡಂ. ವಿಳಾಸ ಇವರ ಪಟ್ಟಿಯಲ್ಲಿ ಇದ್ರೆ ಇವರು ಇಟ್ಟ ಹೆಸರು ಕಾಣತ್ತೆ. ಪಟ್ಟಿಯಲ್ಲಿ ಇಲ್ಲದ ವಿಳಾಸ ಆದ್ರೆ ಮಾತ್ರ ಕಳಿಸಿದೋನು ಬರೆದುಕೊಂಡ ಹೆಸರು ಕಾಣತ್ತೆ.”

“ಇದು ಇವರು ಇಟ್ಟದ್ದೋ, ಕಳಿಸಿದವನು ಬರೆದದ್ದೋ ಅಂತ ಈಯಮ್ಮನಿಗೆ ಹೇಗೆ ತಿಳೀಬೇಕು?”

ಕನ್ನಡಕ ಒರೆಸಿ ಮುಗಿಯಲೇ ಇಲ್ಲ.

“ಬಾಯಿ ಬಿಡಿ.”

“ತಿಳಿಯಲ್ಲ. ಒಂದೇ ಅಕ್ಷರ, ಒಂದೇ ಬಣ್ಣ, ಒಂದೇ ಜಾಗ.” ಅವನ ದನಿ ಇಳಿಯಿತು. “ಹೊರಗಿನ ವಿಳಾಸದಿಂದ ಬಂದ್ರೆ ಮೇಲೊಂದು ಕೆಂಪು ಪಟ್ಟಿ ಬರೋ ಹಾಗೆ ಮಾಡಿದ್ದೆ. ಮೇಸ್ತ್ರಿಗಳೆಲ್ಲ ಸ್ವಂತ ಫೋನಿಂದ, ಸ್ವಂತ ವಿಳಾಸದಿಂದ ಕಳಿಸೋರು. ಎಲ್ಲದಕ್ಕೂ ಕೆಂಪು ಬಂತು. ಕಣ್ಣು ನೋಯತ್ತೆ, ತೆಗೀರಿ ಅಂದ್ರು ಮ್ಯಾನೇಜರ್. ತೆಗೆದೆ.”

ಇನ್ಸ್‌ಪೆಕ್ಟರಮ್ಮನ ಫೋನು ಮಿನುಗಿತು. ‘ಮಗಳು’ ಎಂಬ ಹೆಸರು. ಕೆಳಗೆ, ‘ಅಮ್ಮ, ಯಾವಾಗ ಬರ್ತೀಯ?’ ಉತ್ತರ ಬರೆಯಲು ಹೋದವಳು ಯಾಕೋ ಆ ಹೆಸರನ್ನು ಒತ್ತಿ ಹಿಂದಿನ ನಂಬರನ್ನು ನೋಡಿದಳು. ಮಗಳದೇ. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಫೋನನ್ನು ಬೋರಲು ಹಾಕಿದಳು.

“ವಿಳಾಸ ತೆಗೀರಿ.”

“ಅದಕ್ಕೆ ಸರ್ವರಿಗೆ ಹೋಗಬೇಕು, ಅನುಮತಿ...”

“ನಾನೇ ಅನುಮತಿ.”

ಅವನು ಲ್ಯಾಪ್‌ಟಾಪ್ ಬಿಚ್ಚಿದ. ಬೆರಳುಗಳು ಓಡಿದವು. ಅಕ್ಷರಗಳ ರಾಶಿಯ ನಡುವೆ ಒಂದು ಸಾಲಿನ ಮೇಲೆ ಬೆರಳಿಟ್ಟು ತಕ್ಷಣ ಕೈ ಹಿಂದಕ್ಕೆಳೆದುಕೊಂಡ, ಬಿಸಿ ಬಾಣಲೆ ಮುಟ್ಟಿದವನ ಹಾಗೆ.

ಎಡಕ್ಕೆ, ಕಳಿಸಿದವನೇ ಬರೆದುಕೊಂಡ ಹೆಸರು: ಗುಡುಗಪ್ಪ. ಬಲಕ್ಕೆ ವಿಳಾಸ. ಅದು ಮೇಸ್ತ್ರಿಯದಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆಯಬಹುದಾದ ಅಂಚೆಪೆಟ್ಟಿಗೆಯದು.

“ಭಾವ ಅಲ್ಲ!” ಆಪರೇಟರ್ ಎದ್ದೇ ನಿಂತಳು. “ಅಯ್ಯೋ ದೇವರೇ, ಭಾವ ಅಲ್ಲ ಮೇಡಂ!” ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯದು. ಆಮೇಲೆ ಮೆಲ್ಲನೆ ಕೂತಳು. “ಹಾಗಾದ್ರೆ ನಾನು ಯಾರ ಮಾತು ಕೇಳಿ ಒತ್ತಿದೆ?”

ಇನ್ಸ್‌ಪೆಕ್ಟರಮ್ಮನ ಮನಸ್ಸು ಅದಾಗಲೇ ಮುಂದಿನ ಮೆಟ್ಟಿಲಲ್ಲಿತ್ತು. ಸುಳ್ಳು ಮೇಲ್ ಕಳಿಸುವವನು ಮೇಸ್ತ್ರಿಯ ನಿಜವಾದ ಹೆಸರನ್ನೇ ಬರೆಯಬಹುದಿತ್ತು. ಆದರೆ ಆ ಹೆಸರು ಈ ತೆರೆಯ ಮೇಲೆ ಎಂದೂ ಕಾಣಿಸಿದ್ದಿಲ್ಲ. ಕಂಡಿದ್ದರೆ ಇವಳಿಗೆ ಅನುಮಾನ ಬರುತ್ತಿತ್ತು. ಈ ಮೇಜಿನ ಮೇಲೆ ಮೇಸ್ತ್ರಿ ಯಾವ ಹೆಸರಲ್ಲಿ ಕಾಣುತ್ತಾನೆ ಎಂಬುದು ಕಳಿಸಿದವನಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಖಚಿತವಾಗಿ ಹೇಳಬಹುದಾದ ಒಬ್ಬನೇ ಮನುಷ್ಯನೆಂದರೆ ಮೇಸ್ತ್ರಿ. ಅವನನ್ನು ಉಳಿಸಲು ಅಷ್ಟು ಸಾಕು.

ಆದರೆ ಮೊದಲು ಈ ಕನ್ನಡಕದವನು.

“ನೀವು ಆ ವಿಳಾಸ ಓದಲೇ ಇಲ್ಲ,” ಎಂದಳು.

“ಓದಿದೆನಲ್ಲ ಮೇಡಂ.”

“ಇಲ್ಲ. ಗುರುತಿಲ್ಲದ ವಿಳಾಸವನ್ನ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದ್ತಾರೆ. ನೀವು ಬೆಂಕಿ ಮುಟ್ಟಿದ ಹಾಗೆ ಕೈ ಎಳೆದುಕೊಂಡ್ರಿ. ಅದು ಯಾರದು?”

“ನನಗೇನು ಗೊತ್ತು?”

“ಇವತ್ತು ನಾನು ಒಬ್ಬರನ್ನ ಕರ್ಕೊಂಡು ಹೋಗಲೇಬೇಕು. ಮೇಸ್ತ್ರಿ ಅಲ್ಲ ಅಂತಾಯ್ತು. ಇಂಥ ಮೇಲ್ ಕಳಿಸೋ ವಿದ್ಯೆ ಬಲ್ಲವರು ಈ ಕಾರ್ಖಾನೆಯಲ್ಲಿ ಎಷ್ಟು ಜನ ಇದ್ದಾರೆ, ನೀವೇ ಹೇಳಿ.”

ಅವನು ಗಾಜಿನಾಚೆಯ ತೊಟ್ಟಿಯನ್ನು ನೋಡಿದ; ನೋಡಲಾರದೆ ನೆಲ ನೋಡಿದ.

“ಫಿಟ್ಟರಂದು,” ಎಂದ.

“ಯಾವ ಫಿಟ್ಟರು?”

“ಸತ್ತನಲ್ಲ, ಅವನದೇ. ಆ ಅಂಚೆಪೆಟ್ಟಿಗೆ ಅವನ ಫೋನಲ್ಲಿದೆ. ಮಾಡಿಕೊಟ್ಟಿದ್ದು ನಾನು.”

ಇನ್ಸ್‌ಪೆಕ್ಟರಮ್ಮ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

“ತಮಾಷೆಗೆ ಮೇಡಂ. ಚಹಾ ಹೊತ್ತಲ್ಲಿ ನಾವು ನಾಲ್ಕು ಜನ ಕೂರ್ತಿದ್ವಿ. ಹೆಸರಿನ ಜಾಗದಲ್ಲಿ ಏನು ಬೇಕಾದ್ರೂ ತುಂಬಬಹುದು ಅಂತ ನಾನೇ ತೋರಿಸಿದೆ. ಅವನಿಗೆ ಖುಷಿಯೋ ಖುಷಿ. ಅಲ್ಲೇ ಕೂತು, ಮ್ಯಾನೇಜರ್ ಹೆಸರು ಹಾಕಿ, ಸ್ಟೋರ್‌ಕೀಪರಿಗೆ ಒಂದು ಮೇಲ್ ಬಿಟ್ವಿ. ‘ನಾಳೆ ನಿಮಗೆ ರಜೆ. ಮನೆಯಲ್ಲಿ ಹಾಯಾಗಿರಿ’ ಅಂತ. ಪಾಪ, ನಂಬಿ ಮನೇಲಿ ಉಳಿದುಬಿಟ್ಟ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಸ್ಟೋರ್‌ಕೀಪರಿಗೂ ಹೇಗೆ ಮಾಡಿದ್ವಿ ಅಂತ ತೋರಿಸಿಕೊಟ್ವಿ, ಬೇಜಾರಾಗಬೇಡ ಅಂತ.”

“ಅದು ನೀವಾ?”

ಆಪರೇಟರ್ ದನಿ ಬೇರೆಯೇ ಆಗಿತ್ತು.

“ಸ್ಟೋರ್‌ಕೀಪರ್ ಇವರ ಯಜಮಾನರು,” ಪ್ರೋಗ್ರಾಮರ್ ಇನ್ಸ್‌ಪೆಕ್ಟರಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದ, ಅವಳಿಗೆ ಅದು ಗೊತ್ತಿಲ್ಲವೇನೋ ಎಂಬಂತೆ.

“ನಿಮಗೆ ತಮಾಷೆ!” ಆಪರೇಟರ್ ಮುಷ್ಟಿ ಬಿಚ್ಚಿತ್ತು. ಅಡಗಿಸಿಟ್ಟಿದ್ದ ಬೆರಳು ಈಗ ಅವನ ಮುಖಕ್ಕೇ ನೆಟ್ಟಿತ್ತು. “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮನುಷ್ಯ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂತುಬಿಟ್ರು, ಗೊತ್ತಾ? ಇಡೀ ಕಾರ್ಖಾನೆ ‘ಏನಪ್ಪಾ, ನಾಳೆ ರಜೆನಾ?’ ಅಂತ ಕೇಳೋದು. ಆ ಫಿಟ್ಟರಂತೂ ಎದುರು ಸಿಕ್ಕಾಗಲೆಲ್ಲ ಸಲಾಮು ಹೊಡೆದು ಕೇಳೋನು. ಭಾವ ಬೇರೆ, ಕಾರ್ಖಾನೆ ನಡುಮಧ್ಯದಲ್ಲಿ ನಿಲ್ಲಿಸಿ, ಎಲ್ಲರ ಮುಂದೆ, ಕತ್ತೆಗಾದ್ರೂ ಇದಕ್ಕಿಂತ ಬುದ್ಧಿ ಇರತ್ತೆ, ನನ್ನ ತಮ್ಮ ಅಂತ ಹೇಳ್ಕೊಳ್ಳೋಕೆ ನಾಚಿಕೆ ಅಂತ ಗುಡುಗಿದ್ರು. ಆವತ್ತಿನಿಂದ ಅಣ್ಣನ ಜೊತೆ ಇವರು ಒಂದು ತುತ್ತು ಉಂಡಿಲ್ಲ. ಒಂದು ಮಾತಾಡಿಲ್ಲ. ರಾತ್ರಿ ಹೊರಳಾಡ್ತಾ, ಇಬ್ಬರಿಗೂ ತೋರಿಸ್ತೀನಿ, ಇಬ್ಬರಿಗೂ...”

ಮಾತು ಅಲ್ಲೇ ನಿಂತಿತು. ನಿಲ್ಲಿಸಿದ್ದು ಅವಳಲ್ಲ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೆ ಈಗಷ್ಟೇ ತಲುಪಿತ್ತು.

ಇನ್ಸ್‌ಪೆಕ್ಟರಮ್ಮ ಅವಳ ಪಕ್ಕದ ಕುರ್ಚಿ ಎಳೆದು ಕೂತಳು. ಇಂಥ ಹೊತ್ತಿನಲ್ಲಿ ದನಿ ಎತ್ತಬಾರದು. ಎತ್ತದೆ ಕೇಳುವುದು ಹೊಡೆಯುವುದಕ್ಕಿಂತ ಕ್ರೂರ ಎಂದೂ ಅವಳಿಗೆ ಗೊತ್ತು.

“ತೊಟ್ಟಿಗೆ ಇಳಿಯೋನು ಫೋನು ಏನು ಮಾಡ್ತಾನೆ?”

“ಒಳಗೆ ಒಯ್ಯೋ ಹಾಗಿಲ್ಲ.” ಆಪರೇಟರ್ ಗಾಜನ್ನು ನೋಡುತ್ತಾ ಹೇಳಿದಳು. “ತೊಟ್ಟಿ ಬಾಯಲ್ಲಿ ಕಾವಲಿಗೆ ಒಬ್ಬ ನಿಲ್ಲಬೇಕು. ಅವನ ಕೈಗೆ ಕೊಟ್ಟು ಇಳೀಬೇಕು.”

ಫಿಟ್ಟರನ ಫೋನು ಸಿಕ್ಕಿರಲಿಲ್ಲ. ತಿರುಳಿನ ಜೊತೆ ಕೊಚ್ಚಿಹೋಗಿರಬೇಕು ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು. ಇನ್ಸ್‌ಪೆಕ್ಟರಮ್ಮ ಕೂಡ. ಇಲ್ಲಿಯ ಪದ್ಧತಿಯೇನು ಎಂದು ಯಾರನ್ನೂ ಕೇಳದೆ ಹೋದದ್ದು ಅವಳಿಗೆ ಈಗ ಚುಚ್ಚಿತು.

“ಆವತ್ತು ಕಾವಲಿಗೆ ಯಾರಿದ್ರು?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಜನ ಸಾಲದೆ ಸ್ಟೋರ್‌ಕೀಪರನನ್ನು ನಿಲ್ಲಿಸಿದ್ದರು. ಅಣ್ಣ ಫೋನಲ್ಲಿ ಕರೆದ ಎಂದು ಬಿಟ್ಟು ಹೋದೆ, ಅಷ್ಟರಲ್ಲಿ ಹೀಗಾಯ್ತು ಎಂದು ಅವನು ಹೇಳಿಕೆ ಕೊಟ್ಟಿದ್ದ. ಕರೆದೇ ಇಲ್ಲ ಎಂದಿದ್ದ ಅಣ್ಣ. ಅಣ್ಣನ ಮಾತನ್ನು ಯಾರೂ ನಂಬಿರಲಿಲ್ಲ.

“ಗುಡುಗಪ್ಪ ಅಂತ ಹೆಸರಿಟ್ಟಿದ್ದು ನಾನಲ್ಲ ಮೇಡಂ,” ಆಪರೇಟರ್ ಅಂದಳು. ತುಂಬ ನಿಧಾನವಾಗಿ, ಮೈಮೇಲಿನ ಗಾಯದ ಬಟ್ಟೆ ಬಿಚ್ಚುವವಳ ಹಾಗೆ. “ಅವರು. ಮದುವೆಯಾದ ಹೊಸತರಲ್ಲಿ, ನನ್ನ ನಗಿಸೋಕೆ ಅಂತ.”

ಅವಳು ತನ್ನ ತೋರುಬೆರಳನ್ನೇ ನೋಡಿಕೊಂಡಳು.

“ಒತ್ತೋ ಬೆರಳು ನಂದು ಅಂತ ಅವರಿಗೆ ಗೊತ್ತಿತ್ತಲ್ವಾ? ಆವತ್ತು ಈ ಕುರ್ಚಿಯಲ್ಲಿ ನಾನೇ ಇರ್ತೀನಿ ಅಂತ? ಬುತ್ತಿ ಕಟ್ಟಿಕೊಂಡು ಜೊತೇಲೇ ಬಂದಿದ್ವಿ ಮೇಡಂ. ಗೇಟಿನ ತನಕ ಮಾತಾಡ್ಕೊಂಡು ಬಂದ್ವಿ.”

ಈ ಪ್ರಶ್ನೆಗೆ ಉತ್ತರ ಪೊಲೀಸರ ಕೈಯಲ್ಲಿ ಇರುವಂಥದ್ದಲ್ಲ.

ಇನ್ಸ್‌ಪೆಕ್ಟರಮ್ಮ ಎದ್ದು ಬಾಗಿಲು ತೆರೆದಳು. ದಪ್ಪ ಬಾಗಿಲು, ಯಂತ್ರಗಳ ಗದ್ದಲ ಒಳಗೆ ಬರದಂತೆ, ಒಳಗಿನ ಮಾತು ಹೊರಗೆ ಹೋಗದಂತೆ ಮಾಡಿದ್ದು. ಕೆಳಗಿನ ಆಫೀಸಿನಿಂದ ಮೇಸ್ತ್ರಿಯನ್ನು ಕರೆತರುವಂತೆ ದಫೇದಾರನಿಗೆ ಹೇಳಿದಳು. ಪ್ರೋಗ್ರಾಮರ್ ಮೂಲೆಗೆ ಸರಿದ.

“ನಾನು ಹೋಗಬಹುದಾ ಮೇಡಂ?”

“ಎಲ್ಲಿಗೆ? ನಾಳೆ ನಿಮಗೇನು ರಜೆನಾ?”

ಅವನು ಗೋಡೆಗೆ ಒರಗಿದ.

ಮೇಸ್ತ್ರಿ ಬಂದ. ಬಾಗಿಲ ಚೌಕಟ್ಟು ತುಂಬುವ ಆಳು. ಮುಖದಲ್ಲಿ ಗಡ್ಡ ಬೆಳೆದಿತ್ತು. ಬಂದವನು ಮೊದಲು ತಮ್ಮನ ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ.

“ನಿಮಗೊಂದು ಒಳ್ಳೆ ಸುದ್ದಿ ಇದೆ,” ಇನ್ಸ್‌ಪೆಕ್ಟರಮ್ಮ ಹೇಳಿದಳು. ಒಳ್ಳೆಯ ಸುದ್ದಿಯೊಂದನ್ನು ಹೇಳಿ ಎಷ್ಟು ಕಾಲವಾಯಿತೋ, ಬಾಯಿಗೆ ಆ ಮಾತು ಹೊಂದಲಿಲ್ಲ. “ಆ ಮೇಲ್ ನಿಮ್ಮ ವಿಳಾಸದಿಂದ ಬಂದದ್ದಲ್ಲ. ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ, ಮನೆಗೆ ಹೋಗಿ. ಆವತ್ತು ನಿಮ್ಮ ತಮ್ಮನನ್ನ ಕಾವಲು ಬಿಟ್ಟು ಬಾ ಅಂತ ಕರೆದ್ರಾ?”

ಕರೆದಿಲ್ಲ ಎಂದು ಇದುವರೆಗೆ ಗೋಡೆ ನಡುಗುವಂತೆ ಕೂಗಿದ್ದವನು ಅವನು.

ಅವನು ಮತ್ತೆ ಆ ಹೆಂಗಸಿನ ಕಡೆ ನೋಡಿದ. ಅವಳ ಬಗ್ಗಿದ ತಲೆ, ಮೂಲೆ ಹಿಡಿದ ಕನ್ನಡಕದವನು, ತೆರೆದಿಟ್ಟ ಲ್ಯಾಪ್‌ಟಾಪ್. ಕಾಲು ಶತಮಾನ ಯಂತ್ರಗಳ ಸದ್ದು ಕೇಳಿಯೇ ಎಲ್ಲಿ ಏನು ಮುರಿದಿದೆ ಎಂದು ಹೇಳುತ್ತಿದ್ದವನಿಗೆ ಈ ರೂಮಿನ ಮೌನ ಅರ್ಥವಾಗಲು ತಡವಾಗಲಿಲ್ಲ.

“ಕರೆದೆ,” ಎಂದ.

“ಏನಂದ್ರಿ?”

“ತಮ್ಮನನ್ನ ಕರೆದದ್ದು ನಾನೇ. ಅವನು ಆಚೆ ಹೋದಮೇಲೆ ಮೇಲ್ ಹಾಕಿದ್ದೂ ನಾನೇ. ಬೇಡ ಅಂದ್ರೂ ಕೇಳದೆ ಆ ಫಿಟ್ಟರು ನನ್ನ ತಮ್ಮನನ್ನ ನಗೆಪಾಟಲು ಮಾಡಿದ್ದ. ತೀರಿಸ್ಕೊಂಡೆ.”

“ಸುಳ್ಳು ಹೇಳಬೇಡಿ.”

“ಇದುವರೆಗೂ ಹೇಳಿದ್ದು ಸುಳ್ಳು ಮೇಡಂ.”

“ಯಾವ ಫೋನಿಂದ ಹಾಕಿದ್ರಿ?”

“ಫಿಟ್ಟರಂದು. ತಮ್ಮ ಹೋಗುವಾಗ ಬಾಯಿಯ ಪಕ್ಕದ ಹಲಗೆ ಮೇಲೆ ಇಟ್ಟು ಹೋಗಿದ್ದ.”

ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ಇನ್ಸ್‌ಪೆಕ್ಟರಮ್ಮನ ಕೈಯಲ್ಲಿ ಕೊನೆಯದೊಂದು ಇಸ್ಪೀಟು ಎಲೆ ಇತ್ತು. ಅದನ್ನು ಎಸೆದರೆ ಈ ಹುಚ್ಚು ತ್ಯಾಗ ಇಲ್ಲಿಗೇ ಮುಗಿಯುತ್ತದೆ, ಈ ಮನುಷ್ಯ ಮನೆಗೆ ಹೋಗುತ್ತಾನೆ, ಹೋಗಬೇಕಾದವನು ಜೈಲಿಗೆ ಹೋಗುತ್ತಾನೆ.

“ಸರಿ. ಆ ಮೇಲ್‌ನಲ್ಲಿ ಕಳಿಸಿದವರ ಹೆಸರು ಅಂತ ಏನು ಬರೆದ್ರಿ?”

ಆಪರೇಟರ್ ತಲೆ ಎತ್ತಿದಳು.

ಮೇಸ್ತ್ರಿ ನಕ್ಕ. ತುಟಿಯ ಒಂದೇ ಬದಿಯಲ್ಲಿ.

“ಗುಡುಗಪ್ಪ,” ಎಂದ. ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ಹೊರಟದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಭಾವಾ!” ಅವಳು ಅವನ ತೋಳು ಹಿಡಿದು ಜಗ್ಗಿದಳು. “ಆ ಹೆಸರು ನಿಮಗೆ ಯಾರು ಹೇಳಿದ್ರು? ಅವರು ಹೇಳಿದ್ರಾ? ಯಾವಾಗ ಹೇಳಿದ್ರು? ಭಾವಾ, ಆಣೆ ಮಾಡಿ ಹೇಳಿ, ಆ ಮೇಲ್ ಬರೋಕೆ ಮುಂಚೆನಾ, ಆಮೇಲಾ?”

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿದ.

“ಬರ್ಕೊಳ್ಳಿ ಮೇಡಂ. ಸಂಜೆಯೊಳಗೆ ಒಬ್ಬರು ಬೇಕಂತಲ್ಲ ನಿಮಗೆ.”